ನಾನೂರ ಇಪ್ಪತ್ತು

ಮಂಡ್ಯದ ನೂರಡಿ ರಸ್ತೆ, ಬೀಜದಂಗಡಿಯ ಮೇಲ್ಮಹಡಿ.
ಹಿಂದೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇದ್ದ ಹಾಲ್‌ನಲ್ಲಿ
ಈಗ ಹನ್ನೊಂದು ಮೇಜು, ಹನ್ನೊಂದು ಕಸುಬು,
ಒಂದೇ ಬಾಡಿಗೆ, ಒಂದೇ ಗಾಳಿ.

ಬಾಡಿಗೆ ಭಾಗ ಮಾಡಿ ಬರೆದಿಡುವುದು ನನ್ನ ಕೆಲಸ.
ಗಾಳಿಯ ಲೆಕ್ಕವೂ ನನ್ನ ಕೊರಳಿಗೇ ಬಿತ್ತು.
ಮಧ್ಯಾಹ್ನ ಮೂರಕ್ಕೆ ಎಲ್ಲರಿಗೂ ತೂಕಡಿಕೆ ಯಾಕೆ?
'ಮುದ್ದೆ ಕನಾ, ಇನ್ನೇನು' ಅಂದ
ಸರ್ವೆ ನಕ್ಷೆ ಬಿಡಿಸುವ ಜವರಪ್ಪ.
ಪಾಲಿಟೆಕ್ನಿಕ್ಕಿನ ಶಮಾಯಿಲಾ ಒಪ್ಪಲಿಲ್ಲ.
ಸೋಪಿನ ಪೆಟ್ಟಿಗೆಯಷ್ಟು ಬಿಳಿ ಡಬ್ಬಿ ತಂದು
ಗಡಿಯಾರದ ಕೆಳಗೆ ಮೊಳೆ ಹೊಡೆದು ನೇತುಹಾಕಿದಳು.

ಬೆಳಿಗ್ಗೆ ಬಾಗಿಲು ತೆಗೆದಾಗ ನಾನೂರ ಇಪ್ಪತ್ತು.
'ಒಳ್ಳೆ ಗಾಳಿ ಅಂದ್ರೆ ಫೋರ್‌ಟ್ವೆಂಟಿನಾ!'
ದಿನವೆಲ್ಲ ಅದೇ ನಗು.
ನಕ್ಕಷ್ಟೂ ಅಂಕಿ ಏರಿತು.

ಹತ್ತಕ್ಕೆ ಏಳುನೂರು. ಹೊಲಿಗೆಯ ಮಂಚಮ್ಮ ಬಂದರೆ ಎಂಟು.
ಊಟದ ಡಬ್ಬಿ ಮುಚ್ಚುವಾಗ ಸಾವಿರದ ಆರುನೂರು.
ನಮ್ಮದೇ ಉಸಿರು, ನಾವೇ ಬಿಟ್ಟದ್ದು,
ಹೊರಹೋಗಲು ದಾರಿಯಿಲ್ಲದೆ
ಒಬ್ಬರ ಮೂಗಿನಿಂದ ಇನ್ನೊಬ್ಬರ ಮೂಗಿಗೆ
ಕೈಗಡದ ಹಾಗೆ ತಿರುಗುತ್ತಿತ್ತು.

ಪಡುವಣ ಕಿಟಕಿ ತೆಗೆದರೆ
ಕಬ್ಬು ಅರೆಯುವ ಕಾಲದ ಕರಿಬೂದಿ
ಮಂಚಮ್ಮನ ಬಿಳಿ ಲೈನಿಂಗ್ ಬಟ್ಟೆಗೆ ಎಳ್ಳು ಚೆಲ್ಲುತ್ತದೆ.
ಮುಚ್ಚಿದರೆ ಜವರಪ್ಪನ ಪೆನ್ಸಿಲ್ಲು ತೂಗಿ ತೂಗಿ
ಗದ್ದೆಯ ಗಡಿ ದಾಟಿ ಪಕ್ಕದವನ ಬಾವಿ ನುಂಗುತ್ತದೆ.
ಒಂದು ವಾರ ಜಗಳ. ಆಮೇಲೆ ಒಪ್ಪಂದ:
ಸಾವಿರ ದಾಟಿದರೆ ತೆಗೆ, ಆರುನೂರಕ್ಕಿಳಿದರೆ ಮುಚ್ಚು.
ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ,
ಡಬ್ಬಿಯ ಮುಖ ನೋಡಿದರೆ ಸಾಕು.

ರಿಜಿಸ್ಟರಿನಲ್ಲಿ ಬರೆಯುತ್ತ ಬರೆಯುತ್ತ
ಜನರನ್ನು ಅಂಕಿಯಲ್ಲೇ ಗುರುತಿಸತೊಡಗಿದೆ:
ಇವತ್ತು ನೂರು ಕಡಿಮೆ, ಶಮಾಯಿಲಾಗೆ ಪರೀಕ್ಷೆ.
ಇವತ್ತು ಇನ್ನೂರು ಜಾಸ್ತಿ, ಮಂಚಮ್ಮನ ಬೀಗರು
ಅಳತೆ ಕೊಡಲು ಬಂದು ಕೂತೇ ಬಿಟ್ಟಿದ್ದಾರೆ.

ಮಾರ್ಗಶಿರದ ಒಂದು ಸೋಮವಾರ,
ಭಾನುವಾರವಿಡೀ ಬೀಗ ಹಾಕಿದ್ದ ಹಾಲ್‌ನಲ್ಲಿ
ಬೆಳಿಗ್ಗೆ ಏಳಕ್ಕೆ ಡಬ್ಬಿ ಏಳುನೂರ ಹತ್ತು ಅಂದಿತು.
ಕೆಟ್ಟಿದೆಯೆಂದು ತಟ್ಟಿದೆ.
ಹೊರಗೆ ಮೆಟ್ಟಿಲ ಮೇಲಿಟ್ಟು ಕಾದೆ: ನಾನೂರ ಇಪ್ಪತ್ತು.
ಒಳಗೆ ತಂದೆ: ಏಳುನೂರು.
ಮಂಗಳವಾರವೂ. ಬುಧವಾರವೂ.
ಹಲ್ಲಿಗೆ ಇಷ್ಟು ಉಸಿರಿಲ್ಲ. ಇಲಿಗೂ ಇಲ್ಲ.

ಮೂಲೆಯ ಮೇಜು ಕಾಳಾಚಾರ್ರದು, ರಬ್ಬರ್ ಸ್ಟಾಂಪಿನ ಕೆಲಸ.
ಎರಡನೇ ಕೀ ಅವರ ಹತ್ತಿರ;
ದಿನಾ ಎಲ್ಲರಿಗಿಂತ ಮೊದಲು ಬರುತ್ತಾರೆಂದೇ
ಅಂದುಕೊಂಡಿದ್ದೆವು.
ಮೇಜಿನಡಿ ಸುತ್ತಿಟ್ಟ ಜಮಖಾನ,
ಸ್ಟಾಂಪ್‌ಪ್ಯಾಡಿನ ಡಬ್ಬದಲ್ಲಿ ಹಲ್ಲುಜ್ಜುವ ಬ್ರಷ್ಷು,
ಕುರ್ಚಿಯ ಬೆನ್ನಿಗೆ ಒದ್ದೆ ಟವಲು.
ಊರಿನ ಅರ್ಧ ಕಚೇರಿಗಳಿಗೆ ವಿಳಾಸ ಕೆತ್ತಿಕೊಟ್ಟ ಕೈ.
'ಮನೇಲಿ ಎಲ್ಲ ಚೆನ್ನಾಗವ್ರಾ?' ಅನ್ನುವ ಮಾತು
ನಾಲಿಗೆಯ ತುದಿಗೆ ಬಂದು
ಹೊಗೆಸೊಪ್ಪಿನ ಹಾಗೆ ದವಡೆಗೆ ಸರಿಯಿತು.

'ರಾತ್ರಿ ಕಿಟಕಿ ಒಂಚೂರು ತೆಗೆದಿಡಿ ಆಚಾರ್ರೇ' ಅಂದೆ,
'ಬೆಳಗ್ಗೆ ಅಂಕಿ ಜಾಸ್ತಿ ತೋರಿಸ್ತಾ ಐತೆ.'
ಅವರ ಉಳಿ ಒತ್ತಕ್ಷರದ ನಡುವೆ ನಿಂತಿತು.
ಬಹಳ ಹೊತ್ತಿನ ಮೇಲೆ, ತಲೆಯೆತ್ತದೆ,
'ಬೂದಿ ಬೀಳಕಿಲ್ವಾ?'
'ಬೀಳ್ಲಿ. ಒರಸ್ಕಂಡ್ರಾಯ್ತು.'

ಆ ರಾತ್ರಿ ವಿಪರೀತ ಚಳಿ.
ಗುರುವಾರ ಏಳುನೂರ ನಲವತ್ತು.

ತಿಂಗಳ ಕೊನೆಗೆ ರಿಜಿಸ್ಟರಿನ ಒಂದು ಪ್ರತಿ
ಕಟ್ಟಡದ ಯಜಮಾನರಿಗೆ ಹೋಗುತ್ತದೆ.
ಕರಾರುಪತ್ರದ ಆರನೇ ಕಲಮು:
ರಾತ್ರಿ ಯಾರೂ ತಂಗಕೂಡದು.
ಪೆನ್ನಿನ ಮುಚ್ಚಳ ತೆಗೆದೆ.
ಗುರುವಾರ, ಬೆಳಿಗ್ಗೆ ಏಳು ಗಂಟೆ:
೪೨೦.

ಕೆಳಗೆ ಸಹಿ. ಸಹಿಯ ಮೇಲೆ
ಆಚಾರ್ರೇ ಕೆತ್ತಿಕೊಟ್ಟ ಸ್ಟಾಂಪು:
'ಪರಿಶೀಲಿಸಲಾಗಿದೆ.'
ಮಸಿ ಆರಲೆಂದು ಊದಿದೆ.
ಗೋಡೆಯ ಮೇಲೆ ಡಬ್ಬಿ
ಎರಡಂಕಿ ಏರಿ ಸುಮ್ಮನಾಯಿತು.